ಜುಲೈ ತಿಂಗಳ ಪ್ಯಾರಿಸ್, ಒಂದು ಸೈಕಲ್, ಮತ್ತು ಮೈಸೂರಿನ ಅಭ್ಯಾಸಗಳು

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ, ವಯಸ್ಸು 61, ಊರು ಮೈಸೂರು. ದಿನಾ ಬೆಳಿಗ್ಗೆ ಹತ್ತು ಕಿಲೋಮೀಟರಿನಷ್ಟು ಸೈಕಲ್ ತುಳಿಯುವ ಅಭ್ಯಾಸವಿದೆ. ಜುಲೈ ತಿಂಗಳು ಪೂರ್ತಿ ನಾನೂ ನನ್ನ ಹೆಂಡತಿಯೂ ಪ್ಯಾರಿಸ್‌ನಲ್ಲಿ ಮಗಳ ಮನೆಯಲ್ಲಿರುತ್ತೇವೆ. ಮನೆ ಬ್ಯಾಸ್ಟಿಲ್ ಚೌಕದ ಹತ್ತಿರ, ಆರನೇ ಮಹಡಿಯಲ್ಲಿ. ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ಸೈಕಲ್ಲಿನಲ್ಲಿ ಊರು ನೋಡಬೇಕೆಂಬ ಆಸೆ. ಹತ್ತು ವರ್ಷದ ಮೊಮ್ಮಗನೂ ಬರುತ್ತೇನೆ ಎನ್ನುತ್ತಾನೆ. ನನ್ನ ಹೆಂಡತಿ ಸೈಕಲ್ ಮುಟ್ಟಿ ಮೂವತ್ತು ವರ್ಷವಾಗಿದೆ. ಅಷ್ಟು ದೊಡ್ಡ ಊರಿನ ವಾಹನಗಳ ನಡುವೆ ಇದು ಸಾಧ್ಯವೇ? ಬಿಸಿಲಿನ ಚಿಂತೆಯಂತೂ ನಮಗಿಲ್ಲ, ನಾವು ಕಾಣದ ಬಿಸಿಲೇ?

ಉತ್ತರ: ಸಾಧ್ಯ. ಧಾರಾಳವಾಗಿ ಹೋಗಿ ಬನ್ನಿ. ಆದರೆ ನಿಮ್ಮ ಪತ್ರವನ್ನು ಓದಿ ಮುಗಿಸಿದಾಗ ನನಗೆ ಒಂದು ಮಾತು ಹೇಳಲೇಬೇಕು ಎನ್ನಿಸಿತು. ನೀವು ವಾಹನಗಳಿಗೆ ಹೆದರುತ್ತಿದ್ದೀರಿ, ಬಿಸಿಲಿನ ಚಿಂತೆಯಿಲ್ಲ ಎನ್ನುತ್ತಿದ್ದೀರಿ. ಹದಿನಾಲ್ಕು ವರ್ಷಗಳಿಂದ ಈ ಊರಿನಲ್ಲಿ ಸೈಕಲ್ ತುಳಿಯುತ್ತಿರುವ, ನಮ್ಮ ಕಡೆಯಿಂದ ಬಂದ ಎಷ್ಟೋ ನೆಂಟರನ್ನೂ ಸ್ನೇಹಿತರನ್ನೂ ಜೊತೆಗೆ ಕರೆದುಕೊಂಡು ಸುತ್ತಿರುವ ನನ್ನ ಅನುಭವ ಇದಕ್ಕೆ ತಿರುಗುಮುರುಗಾಗಿದೆ. ಇಲ್ಲಿನ ವಾಹನಗಳು ನಿಮ್ಮನ್ನು ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ಸಂಜೆಯ ಬಿಸಿಲು, ಮತ್ತು ಐವತ್ತು ವರ್ಷಗಳಿಂದ ನಿಮ್ಮ ಕೈಕಾಲುಗಳಲ್ಲಿ ಕೂತಿರುವ ಎಡಬದಿಯ ಅಭ್ಯಾಸ.

ವಾಹನಗಳ ವಿಷಯವನ್ನು ಮೊದಲು ಮುಗಿಸಿಬಿಡೋಣ. ಪ್ಯಾರಿಸ್ ನಗರದ ಮಿತಿ ನೂರಾ ಐದು ಚದರ ಕಿಲೋಮೀಟರು ಮಾತ್ರ. ಎರಡು ಅಂಚಿನ ಕಾಡುಗಳನ್ನು ಬಿಟ್ಟರೆ ಈ ತುದಿಯಿಂದ ಆ ತುದಿಗೆ ಹನ್ನೊಂದು ಹನ್ನೆರಡು ಕಿಲೋಮೀಟರ್ ಅಷ್ಟೆ. 2021ರ ಆಗಸ್ಟ್ ಕೊನೆಯಿಂದ ನಗರದೊಳಗಿನ ಬಹುಪಾಲು ರಸ್ತೆಗಳಲ್ಲಿ ಗಂಟೆಗೆ 30 ಕಿಲೋಮೀಟರಿನ ಮಿತಿ ಇದೆ. ನಗರದ ಒಳಗಿನ ಓಡಾಟವನ್ನು ಅಳೆದು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೈಕಲ್ಲಿನ ಪಾಲು ನೂರಕ್ಕೆ 11.2, ಕಾರಿನ ಪಾಲು 4.3 ಎಂದು ಬಂತು. ಅಂದರೆ ಸೈಕಲ್ ಸವಾರರೇ ಹೆಚ್ಚು. ನಿಮ್ಮ ಮಗಳ ಮನೆಯ ಹತ್ತಿರದಿಂದಲೇ ಶುರುವಾಗುವ ರಿವೊಲಿ ರಸ್ತೆ ಒಂದು ಕಾಲಕ್ಕೆ ಕಾರುಗಳಿಂದ ಗಿಜಿಗುಡುತ್ತಿತ್ತು. 2020ರ ಮೇ ತಿಂಗಳಲ್ಲಿ, ಕೊರೊನಾ ಕಾಲದ ಮೊದಲ ದಿಗ್ಬಂಧನ ಸಡಿಲವಾದಾಗ, ಅಲ್ಲಿಂದ ಖಾಸಗಿ ಕಾರುಗಳನ್ನು ಬಹುಮಟ್ಟಿಗೆ ಹೊರಗಿಟ್ಟರು. ಇಂದು ಬ್ಯಾಸ್ಟಿಲ್ ಕಡೆಯಿಂದ ಕೊಂಕೋರ್ಡ್ ಚೌಕದವರೆಗೆ, ಸುಮಾರು ಮೂರು ಕಿಲೋಮೀಟರ್, ರಸ್ತೆಯ ದೊಡ್ಡ ಭಾಗ ಸೈಕಲ್‌ಗಳದು. ಇನ್ನುಳಿದದ್ದು ಬಸ್ಸು ಮತ್ತು ಟ್ಯಾಕ್ಸಿಗಳದು.

ಈಗ ಬಿಸಿಲು.

ನೀವು ಏಪ್ರಿಲ್ ತಿಂಗಳ ಮೈಸೂರಿನ ಬಿಸಿಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೀರಿ. ಆದರೆ ನೀವು ವಿಮಾನ ಹತ್ತುವುದು ಏಪ್ರಿಲ್‌ನಲ್ಲಲ್ಲ, ಆಷಾಢದ ಗಾಳಿಯಲ್ಲಿ. ಆ ಹೊತ್ತಿಗೆ ನಿಮ್ಮ ಮೈ ಬಿಸಿಲನ್ನು ಮರೆತು ಎರಡು ತಿಂಗಳಾಗಿರುತ್ತದೆ. ಬಿಸಿಲಿಗೆ ಒಗ್ಗಿಕೊಳ್ಳಲು ದೇಹಕ್ಕೆ ಒಂದರಿಂದ ಎರಡು ವಾರ ಬೇಕು, ಒಗ್ಗಿದ್ದು ಕೆಲವೇ ವಾರಗಳಲ್ಲಿ ಕರಗಿಯೂ ಹೋಗುತ್ತದೆ. ಆದ್ದರಿಂದ ಬಿಸಿಲನ್ನು ಕಂಡವರು ಎಂಬ ಧೈರ್ಯವನ್ನು ಮೈಸೂರಿನಲ್ಲೇ ಬಿಟ್ಟು ಬನ್ನಿ.

ಎರಡನೆಯದು ಗಡಿಯಾರ. ಇದನ್ನು ಯಾವ ಪ್ರವಾಸಿ ಕೈಪಿಡಿಯೂ ಒತ್ತಿ ಹೇಳುವುದಿಲ್ಲ, ನನಗೆ ಮಾತ್ರ ಇದೇ ಎಲ್ಲಕ್ಕಿಂತ ಮುಖ್ಯ ಎನ್ನಿಸುತ್ತದೆ. ಮೈಸೂರಿನಲ್ಲಿ ಜುಲೈ ತಿಂಗಳಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂವರೆಗೆ. ಪ್ಯಾರಿಸ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಗೆ! ಫ್ರಾನ್ಸ್ ಇರುವುದು ಗ್ರೀನಿಚ್‌ನ ಮಗ್ಗುಲಲ್ಲಿ, ಆದರೆ ಅದು ಇಟ್ಟುಕೊಂಡಿರುವುದು ಮಧ್ಯ ಯುರೋಪಿನ ಸಮಯ. ಸಾಲದೆಂಬಂತೆ ಬೇಸಿಗೆಯಲ್ಲಿ ಗಡಿಯಾರವನ್ನು ಇನ್ನೊಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಹೀಗಾಗಿ ಜುಲೈ ಮೊದಲ ವಾರದಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತಕ್ಕೆ ಐದು ನಿಮಿಷವಿರುವಾಗ. ನಮ್ಮವರು ಮಾಡುವ ತಪ್ಪು ಇಲ್ಲೇ. ಹನ್ನೆರಡರಿಂದ ಮೂರರವರೆಗೆ ಮನೆಯಲ್ಲಿ ಮಲಗಿದ್ದು, ‘ಇನ್ನು ಬಿಸಿಲು ಇಳಿಯಿತು’ ಎಂದು ನಾಲ್ಕು ಗಂಟೆಗೆ ಹೊರಡುತ್ತಾರೆ. ಅವರು ಹೊರಡುವುದು ದಿನದ ಅತಿ ಕಾದ ಹೊತ್ತಿಗೆ.

2019ರ ಜುಲೈ 25ನ್ನು ತೆಗೆದುಕೊಳ್ಳಿ. ಪ್ಯಾರಿಸ್‌ನ ಮೊಂಸುರಿ ಹವಾಮಾನ ಕೇಂದ್ರದಲ್ಲಿ 1947ರಿಂದ ನಿಂತಿದ್ದ 40.4 ಡಿಗ್ರಿಯ ದಾಖಲೆ ಅಂದು ಮಧ್ಯಾಹ್ನ ಒಂದೂವರೆ ದಾಟುವಷ್ಟರಲ್ಲಿ ಮುರಿಯಿತು. ಎಲ್ಲರೂ ಇದೇ ಶಿಖರ ಎಂದುಕೊಂಡರು. ಪಾದರಸ ಏರುತ್ತಲೇ ಹೋಗಿ, ನಾಲ್ಕೂವರೆಯ ಹೊತ್ತಿಗೆ 42.6ಕ್ಕೆ ಹೋಗಿ ನಿಂತಿತು. ಆ ದಿನವನ್ನು ನಾನು ಮರೆಯುವುದಿಲ್ಲ. ಎಲ್ಲ ದಿನಗಳೂ ಹಾಗಿರುವುದಿಲ್ಲ ಎಂಬುದನ್ನೂ ಹೇಳಬೇಕು. ಜುಲೈನ ಹೆಚ್ಚಿನ ದಿನಗಳು 25ರ ಆಸುಪಾಸಿನಲ್ಲಿ, ಹಿತವಾಗಿಯೇ ಇರುತ್ತವೆ. ಬಿಸಿಗಾಳಿ ಬಂದಾಗ ಮಾತ್ರ ಕೆಲವು ದಿನ ಊರಿಗೆ ಊರೇ ಒಲೆಯಾಗುತ್ತದೆ.

ಅಂಥ ದಿನಗಳಲ್ಲಿ ರಾತ್ರಿಯೂ ತಣಿಯುವುದಿಲ್ಲ. ನಮ್ಮೂರಿನಲ್ಲಿ ಎಷ್ಟೇ ಕಾದರೂ ರಾತ್ರಿ ಹತ್ತಕ್ಕೆ ಒಂದು ತಂಗಾಳಿ ಬರುತ್ತದೆ, ತಲೆಯ ಮೇಲೆ ಫ್ಯಾನು ತಿರುಗುತ್ತದೆ. ಇಲ್ಲಿನ ಹಳೆಯ ಮನೆಗಳಿಗೆ ಫ್ಯಾನು, ಏಸಿ ಎರಡೂ ಅಪರೂಪ. ಬಹುಪಾಲು ಕಟ್ಟಡಗಳ ಚಾವಣಿ ಸತುವಿನ ತಗಡು. ಹೊರಗಿನಿಂದ ನೋಡಲು ಆ ಬೂದು ನೀಲಿ ಚಾವಣಿಗಳೇ ಈ ಊರಿನ ಸೊಬಗು, ಅದರ ಕೆಳಗೆ ಮಲಗುವವರಿಗೆ ಅದು ಕಾದ ಹಂಚು. ಆರನೇ ಮಹಡಿ ಎಂದಿರಿ, ಬಹುಶಃ ಮೇಲೆ ತಗಡೇ ಇರುತ್ತದೆ. 2003ರ ಆಗಸ್ಟ್‌ನ ಬಿಸಿಗಾಳಿಗೆ ಫ್ರಾನ್ಸ್‌ನಲ್ಲಿ ಸುಮಾರು ಹದಿನೈದು ಸಾವಿರ ಜನ ತೀರಿಕೊಂಡರು, ಅವರಲ್ಲಿ ಬಹಳ ಮಂದಿ ವಯಸ್ಸಾದವರು. ಆ ಬಳಿಕ ಇಲ್ಲಿನ ಹವಾಮಾನ ಇಲಾಖೆ ಬಿಸಿಗಾಳಿಗೂ ಜಿಲ್ಲೆವಾರು ಎಚ್ಚರಿಕೆ ಕೊಡಲು ಶುರುಮಾಡಿತು. ಪ್ಯಾರಿಸ್‌ಗೆ ಇಟ್ಟುಕೊಂಡಿರುವ ಗೆರೆ, ಮೂರು ದಿನಗಳ ಸರಾಸರಿಯಲ್ಲಿ ಹಗಲು 31, ರಾತ್ರಿ 21 ಡಿಗ್ರಿ. ಹಗಲಿನ 31 ನೋಡಿ ನಿಮಗೆ ನಗು ಬರಬಹುದು. ನೀವು ಗಮನಿಸಬೇಕಾದ್ದು ರಾತ್ರಿಯ 21. ಹಿಂದಿನ ರಾತ್ರಿ ಅದರ ಕೆಳಗೆ ಇಳಿಯದಿದ್ದರೆ ನೀವು ಸರಿಯಾಗಿ ನಿದ್ದೆ ಮಾಡಿರುವುದಿಲ್ಲ. ನಿದ್ದೆಗೆಟ್ಟ ಮೈಯಲ್ಲಿ ಹೊಸ ಊರಿನ ಸೈಕಲ್ ಹತ್ತಬೇಡಿ. ಅಂದು ಸೈಕಲ್ಲಿಗೆ ರಜೆ.

ಹಾಗಾದರೆ ಯಾವಾಗ ತುಳಿಯಬೇಕು? ಬೆಳಿಗ್ಗೆ ಆರೂಕಾಲಿನಿಂದ ಎಂಟರವರೆಗೆ. ಸಂಜೆ ಎಂಟರಿಂದ ಹತ್ತರವರೆಗೆ. ನಡುವಿನ ಹೊತ್ತನ್ನು ದಪ್ಪ ಕಲ್ಲುಗೋಡೆಗಳಿಗೆ ಕೊಟ್ಟುಬಿಡಿ. ಇಲ್ಲಿನ ಹಳೆಯ ಚರ್ಚುಗಳ ಒಳಗೆ ಉರಿಬಿಸಿಲಿನಲ್ಲೂ ನಮ್ಮ ದೇವಸ್ಥಾನದ ಗರ್ಭಗುಡಿಯ ಮುಂದೆ ನಿಂತಷ್ಟು ತಂಪು. ಬೆಂಕಿಗೆ ತುತ್ತಾಗಿ, ದುರಸ್ತಿಯಾಗಿ, 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದ ನೋತ್ರ್ ದಾಮ್ ನಿಮ್ಮ ಮನೆಯಿಂದ ದೂರವಿಲ್ಲ. ಸರತಿ ಉದ್ದವಿದ್ದರೆ ಸ್ಯಾಂ ಸುಲ್ಪೀಸ್ ಅಥವಾ ಸ್ಯಾಂತ್ ಉಸ್ತಾಶ್ ಚರ್ಚಿಗೆ ಹೋಗಿ ಕೂತುಕೊಳ್ಳಿ. ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಮಂಗಳವಾರ ರಜೆ, ಓರ್ಸೆ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ. ಲೂವ್ರ್ ಬುಧವಾರ ಮತ್ತು ಶುಕ್ರವಾರ, ಓರ್ಸೆ ಗುರುವಾರ ರಾತ್ರಿ ಒಂಬತ್ತರವರೆಗೂ ತೆರೆದಿರುವುದುಂಟು. ಕಾದ ಸಂಜೆ ಕಳೆಯಲು ಅದಕ್ಕಿಂತ ಒಳ್ಳೆಯ ಜಾಗ ಬೇಕೆ?

ನೀರಿಗೆ ಬರವಿಲ್ಲ. ನಗರದಲ್ಲಿ ಕುಡಿಯುವ ನೀರಿನ ಸಾವಿರಕ್ಕೂ ಹೆಚ್ಚು ನಲ್ಲಿ, ಕಾರಂಜಿಗಳಿವೆ. ಹಸಿರು ಬಣ್ಣದ ಎರಕದ ಕಬ್ಬಿಣದ, ನಾಲ್ವರು ಹೆಂಗಸರು ಕೈಯೆತ್ತಿ ಗುಮ್ಮಟವನ್ನು ಹೊತ್ತಿರುವ ಕಾರಂಜಿಯನ್ನು ನೀವು ಅಲ್ಲಲ್ಲಿ ನೋಡುತ್ತೀರಿ. ರಿಚರ್ಡ್ ವಾಲೇಸ್ ಎಂಬ ಇಂಗ್ಲಿಷ್ ಸಿರಿವಂತ 1872ರಲ್ಲಿ ತನ್ನ ಹಣದಿಂದ ಇವನ್ನು ನಿಲ್ಲಿಸತೊಡಗಿದ. ಅದಕ್ಕೆ ಹಿಂದಿನ ವರ್ಷವಷ್ಟೇ ಪ್ರಷ್ಯನ್ನರ ಮುತ್ತಿಗೆಯಿಂದ ಊರು ನಲುಗಿತ್ತು, ಬಡವರಿಗೆ ಒಳ್ಳೆಯ ನೀರಿರಲಿಲ್ಲ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವ ನಾಡಿನವರಿಗೆ ಇದರ ಬೆಲೆಯನ್ನು ಬೇರೆ ಹೇಳಬೇಕಿಲ್ಲ. ಆ ನಾಲ್ವರ ನಡುವೆ ದಾರದಂತೆ ಸುರಿಯುವ ನೀರಿಗೆ ಬಾಟಲಿ ಒಡ್ಡಿ. ಬರಿಯ ನೀರು ಸಾಲದು. ಓಆರ್‌ಎಸ್ ಪೊಟ್ಟಣಗಳನ್ನು ಮೈಸೂರಿನ ಔಷಧಿ ಅಂಗಡಿಯಿಂದಲೇ ಹತ್ತು ಹನ್ನೆರಡು ಕೊಂಡು ತನ್ನಿ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಾದರೆ, ಅದರಲ್ಲೂ ಹೆಚ್ಚು ಮೂತ್ರ ಹೋಗುವಂತೆ ಮಾಡುವ ಮಾತ್ರೆಯಾದರೆ, ಹೊರಡುವ ಮುಂಚೆ ನಿಮ್ಮ ವೈದ್ಯರನ್ನು ಕೇಳಿ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ನನ್ನ ಸೋದರಮಾವ ಬಂದಿದ್ದಾಗ, ಅವರೂ ನಿಮ್ಮ ವಯಸ್ಸಿನವರೇ, ಸಂಜೆ ಐದಕ್ಕೆ ಹೋಗೋಣವೆಂದು ಹಟ ಹಿಡಿದರು. ನಾನು ಒಪ್ಪಿದ್ದು ತಪ್ಪು. ಸೇತುವೆಯ ಏರಿನಲ್ಲಿ ಸೈಕಲ್ ನಿಲ್ಲಿಸಿ, ಕಂಬಿ ಹಿಡಿದುಕೊಂಡು, ‘ಕಣ್ಣು ಕತ್ತಲೆ ಬರುತ್ತಿದೆ ಕಣಪ್ಪಾ’ ಎಂದರು. ಅವರ ಹಣೆ ಒಣಗಿತ್ತು, ಒಂದು ಹನಿ ಬೆವರಿರಲಿಲ್ಲ. ನೆರಳಿಗೆ ಕೂರಿಸಿ, ಕುತ್ತಿಗೆಗೂ ಮಣಿಕಟ್ಟಿಗೂ ಒದ್ದೆ ಟವೆಲ್ ಸುತ್ತಿ ಮುಕ್ಕಾಲು ಗಂಟೆ ಕಾದ ಮೇಲೆ ಚೇತರಿಸಿಕೊಂಡರು. ಆ ದಿನ ಉಷ್ಣಾಂಶ 34 ಇತ್ತು, ಅವರು ಕೊಳ್ಳೇಗಾಲದವರು. ಅಷ್ಟು ಕಾದ ಹೊತ್ತಿನಲ್ಲಿ ಬೆವರು ನಿಂತು ತಲೆ ತಿರುಗಿದರೆ ಒಂದು ಕ್ಷಣವೂ ಮುಂದೆ ಹೋಗಬೇಡಿ. ಮಾತು ತೊದಲಿದರೆ, ಮಂಕು ಬಡಿದಂತಾದರೆ 112ಕ್ಕೆ ಕರೆ ಮಾಡಿ.

ಬಲಬದಿಯ ಮಾತಿಗೆ ಬರುತ್ತೇನೆ. ಬಲಕ್ಕೆ ಹೋಗಬೇಕು ಎಂಬುದು ನಿಮಗೆ ಗೊತ್ತೇ ಇದೆ, ವಾಹನಗಳು ಸುತ್ತ ಇರುವಾಗ ನೀವು ಮರೆಯುವುದೂ ಇಲ್ಲ. ಅವುಗಳ ಹಿಂದೆ ಹೋದರೆ ಸಾಕು. ಮರೆಯುವುದು ರಸ್ತೆ ಖಾಲಿ ಇದ್ದಾಗ. ನಾನು ಇಲ್ಲಿಗೆ ಬಂದ ಎರಡನೇ ವರ್ಷ, ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ, ಬೇಕರಿಯಲ್ಲಿ ಬ್ರೆಡ್ ಕೊಂಡು ಸೈಕಲ್ ಹತ್ತಿದೆ. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಯಾವ ಯೋಚನೆಯೂ ಇಲ್ಲದೆ ಸರಸ್ವತಿಪುರಂನಲ್ಲಿ ಹೋಗುವಂತೆ ಎಡಬದಿಯಲ್ಲಿ ಹೊರಟುಬಿಟ್ಟೆ. ತಿರುವಿನಲ್ಲಿ ಕಸದ ಲಾರಿ ನೇರ ಎದುರಿಗೆ ಬಂತು. ಚಾಲಕ ಬ್ರೇಕ್ ಹಾಕಿದ್ದರಿಂದ ಉಳಿದೆ. ಎರಡು ವರ್ಷ ದಿನಾ ತುಳಿದವನಿಗೆ ಹಾಗಾಯಿತು ಎಂಬುದನ್ನು ನೆನಪಿಡಿ. ಖಾಲಿ ಬೀದಿ, ಆಗಷ್ಟೇ ಸೈಕಲ್ ಹತ್ತಿದ ಕ್ಷಣ, ಎಡಕ್ಕೆ ತಿರುಗಿದ ಮರುಕ್ಷಣ, ಏಕಮುಖ ರಸ್ತೆಯಿಂದ ಹೊರಬಂದ ಕ್ಷಣ: ಈ ನಾಲ್ಕರಲ್ಲೂ ‘ಬಲ’ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ನನ್ನ ಜೊತೆ ಬಂದವರಿಗೆಲ್ಲ ಇದನ್ನು ಕಡ್ಡಾಯ ಮಾಡಿದ್ದೇನೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಸೂಕ್ಷ್ಮವಿದೆ. ನಮ್ಮ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬಲಗೈಯ ಬ್ರೇಕು ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನ ಚಕ್ರಕ್ಕೆ. ಇಲ್ಲಿ ಸಾಮಾನ್ಯವಾಗಿ ಅದಲು ಬದಲು. ಎಡಗೈಯನ್ನು ಹಿಂದಿನ ಬ್ರೇಕು ಎಂದುಕೊಂಡು ಗಟ್ಟಿಯಾಗಿ ಹಿಡಿದರೆ ಮುಂದಿನ ಚಕ್ರ ಕಚ್ಚಿಕೊಂಡು ನೀವು ಹ್ಯಾಂಡಲ್ ಮೇಲಿಂದ ಹಾರುತ್ತೀರಿ. ಯಾವ ಸೈಕಲ್ ತೆಗೆದುಕೊಂಡರೂ ಮೊದಲು ಇಳಿದು ನಿಂತು, ಎರಡು ಹೆಜ್ಜೆ ತಳ್ಳಿ, ಒಂದೊಂದೇ ಬ್ರೇಕು ಹಿಡಿದು ಯಾವ ಚಕ್ರ ನಿಲ್ಲುತ್ತದೆ ನೋಡಿ. ಹತ್ತು ಸೆಕೆಂಡಿನ ಕೆಲಸ.

ಇಲ್ಲಿನ ಬಾಡಿಗೆ ಸೈಕಲ್ ವ್ಯವಸ್ಥೆಯ ಹೆಸರು ವೆಲಿಬ್. 2017ರಲ್ಲಿ ಮೈಸೂರಿಗೆ ಬಂದ ಟ್ರಿಣ್ ಟ್ರಿಣ್ ನಿಮಗೆ ಪರಿಚಯವಿದ್ದೇ ಇರುತ್ತದೆ. ಅದಕ್ಕೆ ಸರಿಯಾಗಿ ಹತ್ತು ವರ್ಷ ಮುಂಚೆ, 2007ರ ಜುಲೈನಲ್ಲಿ ಇದು ಶುರುವಾಯಿತು. ಒಂದು ನಿಲ್ದಾಣದಲ್ಲಿ ತೆಗೆದು ಇನ್ನೊಂದರಲ್ಲಿ ಬಿಡುವುದು. ಹಸಿರು ಬಣ್ಣದ್ದು ತುಳಿಯುವ ಸೈಕಲ್, ನೀಲಿ ಬಣ್ಣದ್ದು ವಿದ್ಯುತ್ ಸೈಕಲ್. ನಿಮ್ಮಿಬ್ಬರಿಗೂ ಮೊದಲ ವಾರ ಹಸಿರೇ ಇರಲಿ. ನೀಲಿಯದು ಭಾರ, ಪೆಡಲ್ ಮೇಲೆ ಕಾಲಿಟ್ಟೊಡನೆ ಮುನ್ನುಗ್ಗುತ್ತದೆ. ಸಾಲಿನಲ್ಲಿ ಯಾವುದಾದರೂ ಸೈಕಲ್ಲಿನ ಸೀಟು ಹಿಂದುಮುಂದಾಗಿ ತಿರುಗಿದ್ದರೆ ಅದನ್ನು ಮುಟ್ಟಬೇಡಿ. ಕೆಟ್ಟಿರುವ ಸೈಕಲ್ಲಿನ ಸೀಟನ್ನು ಹಿಂದಿನ ಸವಾರರು ಹಾಗೆ ತಿರುಗಿಸಿಟ್ಟು ಮುಂದಿನವರಿಗೆ ತಿಳಿಸುತ್ತಾರೆ. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಊರಿನವರೇ ರೂಢಿಸಿಕೊಂಡದ್ದು. ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಬಹಳ ಇಷ್ಟವಾದದ್ದು ಈ ಸೌಜನ್ಯವೇ. ಆಮೇಲೆ ಗಾಳಿ, ಚೈನು, ಬ್ರೇಕು, ಗಂಟೆ ನೋಡಿಕೊಳ್ಳಿ.

ಹಣ ಕಟ್ಟುವಾಗ ಒಂದು ಸೈಕಲ್ಲಿಗೆ 300 ಯೂರೊ ಜಾಮೀನನ್ನು ಕಾರ್ಡಿನ ಮೇಲೆ ನಮೂದಿಸಿಕೊಳ್ಳುತ್ತಾರೆ. ಅದು ಖರ್ಚಲ್ಲ, ಸೈಕಲ್ ಮರಳಿಸದಿದ್ದರೆ ಅಥವಾ ಹಾಳುಮಾಡಿದರೆ ಕಡಿತ. ಭಾರತದ ಕಾರ್ಡಿಗಿಂತ ಮಗಳ ಕಾರ್ಡಿನಲ್ಲಿ ಇದನ್ನು ಮಾಡಿಸುವುದು ಸಲೀಸು. ವಾಪಸು ನಿಲ್ಲಿಸುವಾಗ ಮುಂದಿನ ಚಕ್ರವನ್ನು ಗೂಟಕ್ಕೆ ಗಟ್ಟಿಯಾಗಿ ತಳ್ಳಿ, ಹ್ಯಾಂಡಲ್ ನಡುವಿನ ಪುಟ್ಟ ಪೆಟ್ಟಿಗೆ ಬೀಪ್ ಎನ್ನುವವರೆಗೆ ಅಲ್ಲೇ ನಿಲ್ಲಿ. ಅವಸರದಲ್ಲಿ ಹೊರಟರೆ ಸೈಕಲ್ ನಿಮ್ಮ ಹೆಸರಿನಲ್ಲೇ ಓಡುತ್ತಿರುವ ಲೆಕ್ಕವಾಗುತ್ತದೆ.

ಮೊಮ್ಮಗನಿಗೆ ವೆಲಿಬ್ ಸಿಗುವುದಿಲ್ಲ, ಅದು 14 ವರ್ಷ ತುಂಬಿದವರಿಗೆ. ಅವನಿಗೆ ಅಂಗಡಿಯಿಂದ ಅವನ ಅಳತೆಯ ಸೈಕಲ್ ಬಾಡಿಗೆಗೆ ತನ್ನಿ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 2017ರಿಂದ ಹೆಲ್ಮೆಟ್ ಕಡ್ಡಾಯ. ದೊಡ್ಡವರಿಗೆ ಕಡ್ಡಾಯವಿಲ್ಲ, ಆದರೂ ನೀವೂ ಹಾಕಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಅವನ ಜೊತೆ ಹೋಗುವಾಗ ನೀವು ಹಿಂದೆ, ಅವನು ಮುಂದೆ. ಹಿಂದಿದ್ದರೆ ಅವನು ನಿಮಗೆ ಕಾಣುತ್ತಾನೆ. ಮುಂದಿದ್ದು ತಿರುಗಿ ತಿರುಗಿ ನೋಡುತ್ತಿದ್ದರೆ ಇಬ್ಬರೂ ಬೀಳುತ್ತೀರಿ.

ರಸ್ತೆಯ ಕೆಲವು ನಡವಳಿಕೆಗಳನ್ನು ಮನದಟ್ಟು ಮಾಡಿಕೊಳ್ಳಿ. ಸಿಗ್ನಲ್ ಕಂಬದ ಮೇಲೆ, ಕೆಂಪು ಅಂಚಿನ ಪುಟ್ಟ ತ್ರಿಕೋನದಲ್ಲಿ ಹಳದಿ ಸೈಕಲ್ ಮತ್ತು ಬಾಣದ ಗುರುತಿದ್ದರೆ, ಕೆಂಪು ದೀಪವಿದ್ದರೂ ಸೈಕಲ್ ಸವಾರರು ಬಾಣದ ಕಡೆಗೆ ಹೋಗಬಹುದು. ಪಾದಚಾರಿಗಳಿಗೂ ಅಡ್ಡ ಬರುವವರಿಗೂ ದಾರಿ ಬಿಟ್ಟ ಮೇಲೆ ಮಾತ್ರ. ಆ ತ್ರಿಕೋನವಿಲ್ಲದ ಕಡೆ ಕೆಂಪೆಂದರೆ ಕೆಂಪೇ, ನಿಮ್ಮ ಪಕ್ಕದಿಂದ ಹತ್ತು ಮಂದಿ ನುಗ್ಗಿ ಹೋದರೂ ನೀವು ನಿಲ್ಲಿ. ‘ಪ್ರವೇಶವಿಲ್ಲ’ ಎಂಬ ಕೆಂಪು ವೃತ್ತದ ಕೆಳಗೆ ‘ಸೋಫ್ ವೆಲೊ’ ಎಂದಿದ್ದರೆ ಸೈಕಲ್ಲಿಗೆ ವಿನಾಯಿತಿ ಎಂದರ್ಥ, ಏಕಮುಖ ಬೀದಿಯಲ್ಲಿ ಎದುರು ದಿಕ್ಕಿಗೂ ಹೋಗಬಹುದು. ಕಾನೂನು ಒಪ್ಪುತ್ತದೆ, ಆದರೆ ಕಿರಿದಾದ ಬೀದಿಯಲ್ಲಿ ಎದುರಿಗೆ ವ್ಯಾನು ಬಂದಾಗ ಹೊಸಬರ ಕೈ ನಡುಗುತ್ತದೆ, ಮೊದಲ ವಾರ ಬೇಡ. ಗುರುತಿಲ್ಲದ ಅಡ್ಡರಸ್ತೆಗಳಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು, ಅವರು ಬೀದಿಯಿಂದ ಬಂದರೂ ನೀವು ಹೆದ್ದಾರಿಯಂಥದ್ದರಲ್ಲಿ ಇದ್ದರೂ. ಹನ್ನೆರಡು ರಸ್ತೆಗಳು ಸೇರುವ, ಆರ್ಕ್ ದ ಟ್ರಿಯೋಂಫ್ ಎಂಬ ವಿಜಯ ಕಮಾನಿನ ವೃತ್ತದ ಒಳಗೆ ಕಾಲಿಡಲೇಬೇಡಿ. ಅಲ್ಲಿ ಒಳನುಗ್ಗುವವರಿಗೇ ಹಕ್ಕು.

ಫುಟ್‌ಪಾತಿನ ಮೇಲೆ ತುಳಿದರೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ, ಕೈಯಲ್ಲಿ ಮೊಬೈಲ್ ಹಿಡಿದರೆ 135 ಯೂರೊ ದಂಡ. ಹಾಗಾಗಿ ದಾರಿಯ ನಾಲ್ಕೈದು ತಿರುವುಗಳನ್ನು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಫೋಟೊ ತೆಗೆಯಲೆಂದು ಸೈಕಲ್ ಪಥದ ನಡುವೆ ಗಕ್ಕನೆ ನಿಲ್ಲಬೇಡಿ. ಪ್ರವಾಸಿಗಳ ಮೇಲೆ ಇಲ್ಲಿನವರಿಗೆ ಸಿಟ್ಟು ಬರುವುದು ಇದೊಂದಕ್ಕೇ, ಮತ್ತು ಆ ಸಿಟ್ಟು ನ್ಯಾಯವಾದದ್ದು. ಹಿಂದಿನವರು ಕಚೇರಿಗೆ ಹೊರಟಿರುತ್ತಾರೆ. ಎಂಟೂವರೆಯಿಂದ ಒಂಬತ್ತೂವರೆಯವರೆಗೆ ಸೆಬಾಸ್ತೊಪೋಲ್ ರಸ್ತೆಯ ಸೈಕಲ್ ಪಥವನ್ನು ದಡದಲ್ಲಿ ನಿಂತು ನೋಡಿ, ಒಳಗೆ ಇಳಿಯಬೇಡಿ. ನಿಂತ ಕಾರುಗಳಿಂದ ಒಂದು ಮೀಟರ್ ದೂರವಿರಿ, ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು. ಬಸ್ಸು, ಲಾರಿಗಳ ಬಲಪಕ್ಕೆಯಲ್ಲಿ ಎಂದೂ ನಿಲ್ಲಬೇಡಿ, ಚಾಲಕನಿಗೆ ಅಲ್ಲಿರುವವರು ಕಾಣುವುದಿಲ್ಲ.

ಇಷ್ಟು ಎಚ್ಚರಿಕೆ ಹೇಳಿದ ಮೇಲೆ ಹೋಗಬೇಕಾದ ದಾರಿಯನ್ನೂ ಹೇಳಬೇಡವೇ? ನಿಮಗೆ ನಾನು ಕೊಡುವುದು ಎರಡೇ ದಾರಿ. ಬೆಳಗಿನದು ಪಶ್ಚಿಮಕ್ಕೆ, ಸಂಜೆಯದು ಉತ್ತರಕ್ಕೆ. ಬೆಳಿಗ್ಗೆ ಸೂರ್ಯ ಬೆನ್ನಿಗಿರುತ್ತಾನೆ, ಸಂಜೆ ಎಡಗಡೆಗೆ. ಹೊರಡುವಾಗ ಎರಡು ಹೊತ್ತೂ ಕಣ್ಣಿಗೆ ಚುಚ್ಚುವುದಿಲ್ಲ.

ಬೆಳಗಿನ ದಾರಿ ಸೇನ್ ನದಿಯ ಬಲದಂಡೆ. 1967ರಲ್ಲಿ ನದಿಯ ಅಂಚಿಗೇ, ನೀರಿಗೆ ತಾಗಿದಂತೆ, ಕಾರುಗಳಿಗೆಂದು ವೇಗದ ರಸ್ತೆ ಮಾಡಿದ್ದರು. ದಿನಕ್ಕೆ ನಲವತ್ತು ಸಾವಿರಕ್ಕೂ ಹೆಚ್ಚು ವಾಹನ ಓಡುತ್ತಿದ್ದ ಆ ರಸ್ತೆಯನ್ನು 2016ರಲ್ಲಿ ಮುಚ್ಚಿ ಮರುವರ್ಷ ಜನರಿಗೆ ಬಿಟ್ಟುಕೊಟ್ಟರು. ವಾದ ವಿವಾದ, ಕೋರ್ಟು ಕಚೇರಿ ಎಲ್ಲ ಆಯಿತು. ಈಗ ಬ್ಯಾಸ್ಟಿಲ್ ಬಳಿಯ ಆರ್ಸೆನಾಲ್ ದೋಣಿಕಟ್ಟೆಯಿಂದ ಲೂವ್ರ್ ದಾಟುವವರೆಗೆ ಮೂರು ಕಿಲೋಮೀಟರಿಗೂ ಹೆಚ್ಚು ದೂರ ಕಾರಿನ ಸದ್ದಿಲ್ಲ. ಆರೂಕಾಲಿಗೆ ಅಲ್ಲಿ ಇಳಿದರೆ ನೀವು, ನೀರು, ಪೌರಕಾರ್ಮಿಕರು, ಅಲ್ಲೊಬ್ಬ ಇಲ್ಲೊಬ್ಬ ಓಟಗಾರ, ಅಷ್ಟೆ. ಸೇತುವೆಗಳ ಹೊಟ್ಟೆಯ ಕೆಳಗೆ ಹೋಗುವಾಗ ನೀರಿನ ಬೆಳಕು ಕಮಾನಿನ ಕಲ್ಲಿನ ಮೇಲೆ ಆಡುತ್ತಿರುತ್ತದೆ.

ಪಾಂ ನೆಫ್ ಸೇತುವೆಯ ಹತ್ತಿರ ಪಕ್ಕಕ್ಕೆ ಸರಿದು ನಿಲ್ಲಿ. ಹೆಸರಿನ ಅರ್ಥ ಹೊಸ ಸೇತುವೆ, 1607ರಲ್ಲಿ ಮುಗಿದ ಇದೇ ಈಗ ಊರಿನ ಅತ್ಯಂತ ಹಳೆಯ ಸೇತುವೆ. ಮೇಲೆ ಬಸ್ಸಿನಲ್ಲಿ ಹೋಗುವವರಿಗೆ ಕಾಣದ್ದು ಕೆಳಗಿನ ದಂಡೆಯಲ್ಲಿ ನಿಂತ ನಿಮಗೆ ಕಾಣುತ್ತದೆ. ಸೇತುವೆಯ ಅಂಚಿನುದ್ದಕ್ಕೂ ಕಲ್ಲಿನ ಮುಖಗಳು. 381 ಇವೆ, ಒಂದರಂತೆ ಒಂದಿಲ್ಲ. ಗಡ್ಡದವು, ಬಾಯಿ ತೆರೆದವು, ಹುಬ್ಬು ಗಂಟಿಕ್ಕಿದವು, ಕಿವಿಯ ಜಾಗದಲ್ಲಿ ಎಲೆ ಮೂಡಿದವು. ಬೇಲೂರಿನ ಗೋಡೆಯ ಸಾಲುಗಳನ್ನು ನೋಡಿ ಬೆಳೆದ ಕಣ್ಣಿಗೆ ಇಲ್ಲಿ ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ. ಬೆಳಗಿನ ಓರೆ ಬಿಸಿಲು ಬಿದ್ದಾಗ ಪ್ರತಿ ಮೂಗಿಗೂ ಒಂದು ನೆರಳು ಬರುತ್ತದೆ. ಹತ್ತು ಗಂಟೆಯ ಮೇಲೆ ಬಂದರೆ ಅದೇ ಮುಖಗಳು ಚಪ್ಪಟೆ.

ಎಂಟರೊಳಗೆ ಅದೇ ದಾರಿಯಲ್ಲಿ ಹಿಂದಿರುಗಿ. ಬೀದಿಗಳಲ್ಲಿ ಆ ಹೊತ್ತಿಗೆ ಒಂದು ವಿಶೇಷ ನಡೆಯುತ್ತಿರುತ್ತದೆ. ರಸ್ತೆಯಂಚಿನ ಕಿಂಡಿಗಳಿಂದ ನೀರು ಬಿಟ್ಟು, ಸುತ್ತಿ ಕಟ್ಟಿದ ಹಳೆಯ ಕಂಬಳಿಯ ತುಂಡೊಂದನ್ನು ಅಡ್ಡವಿಟ್ಟು, ನೀರನ್ನು ಬೇಕಾದ ಕಡೆಗೆ ತಿರುಗಿಸಿ ಚರಂಡಿಯಂಚನ್ನು ತೊಳೆಯುತ್ತಾರೆ. ಗದ್ದೆಗೆ ನೀರು ಕಟ್ಟುವವರ ಕೈಚಳಕವೇ ಅದು. ಕುಡಿಯುವ ನೀರಲ್ಲ. ಆ ಒದ್ದೆ ಕಲ್ಲುಹಾಸು ಸಾಬೂನಿನಷ್ಟು ಜಾರುತ್ತದೆ, ಅಂಚಿನಿಂದ ಎರಡು ಅಡಿ ಒಳಗೇ ಇರಿ. ಬೇಸಿಗೆಯ ಗುಡುಗು ಮಳೆ ಬಂದು ಹೋದ ಮೇಲೂ ಕಲ್ಲುಹಾಸಿನ ಮೇಲೆ ಬ್ರೇಕು ಹಿಡಿದು ತಿರುಗಬೇಡಿ. ತಿರುವಿಗೆ ಮೊದಲೇ ವೇಗ ಇಳಿಸಿ.

ಸಂಜೆಯ ದಾರಿ ಬ್ಯಾಸ್ಟಿಲ್‌ನಿಂದ ರಿಷಾರ್ ಲೆನ್ವಾರ್ ರಸ್ತೆ ಹಿಡಿದು ಉತ್ತರಕ್ಕೆ. ನಿಮ್ಮ ಕಾಲ ಕೆಳಗೆ, ಉದ್ಯಾನದ ಅಡಿಯಲ್ಲಿ, ಕಾಲುವೆ ಹರಿಯುತ್ತಿರುತ್ತದೆ. ಅದು ನೆಲದ ಮೇಲೆ ಬಂದಾಗ ಸ್ಯಾಂ ಮಾರ್ತ್ಯಾಂ ಕಾಲುವೆ, 1825ರಲ್ಲಿ ತೆರೆದದ್ದು. ನೆಪೋಲಿಯನ್ ಇದಕ್ಕೆ ಅಪ್ಪಣೆ ಕೊಟ್ಟಿದ್ದರ ಹಿಂದೆ ಊರಿಗೆ ಒಳ್ಳೆಯ ನೀರು ತರುವ ಉದ್ದೇಶವಿತ್ತು. ಎರಡೂ ದಡಗಳಲ್ಲಿ ದೊಡ್ಡ ಮರಗಳ ನೆರಳು, ಪಕ್ಕದಲ್ಲಿ ಸೈಕಲ್ ಪಥ. ದೋಣಿ ಬಂದಾಗ ಇಡೀ ಸೇತುವೆಯೇ ಬಾಗಿಲಿನಂತೆ ಪಕ್ಕಕ್ಕೆ ತಿರುಗುತ್ತದೆ. ತೂಬಿನ ಬಾಗಿಲುಗಳ ನಡುವೆ ನೀರು ತುಂಬಿ ದೋಣಿ ಮೇಲೇಳುವುದನ್ನು ಮೊಮ್ಮಗ ನೋಡಲೇಬೇಕು, ಅದಕ್ಕೆ ಹಗಲು ಹೊತ್ತಿನಲ್ಲೊಮ್ಮೆ ನಡೆದು ಬನ್ನಿ. ಮುಂದೆ ಲಾ ವಿಲೆತ್ ಕೊಳ, ಉದ್ಯಾನ. ಅಲ್ಲಿಂದಾಚೆಗೆ ಊರ್ಕ್ ಕಾಲುವೆಯ ದಂಡೆಯಲ್ಲಿ ಸೈಕಲ್ ದಾರಿ ಊರ ಹೊರಕ್ಕೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಹೋಗುತ್ತದೆ. ನಿಮ್ಮ ಕಾಲಿಗೆ ಆ ಶಕ್ತಿ ಇದೆ, ತಂಪಾದ ಒಂದು ದಿನ ಒಬ್ಬರೇ ಹೋಗಿ. ಭಾನುವಾರ ಹಗಲು ಸ್ಯಾಂ ಮಾರ್ತ್ಯಾಂ ಕಾಲುವೆಯ ಎರಡೂ ದಡಗಳಿಗೆ ಕಾರು, ಮೋಟಾರುಗಳ ಪ್ರವೇಶವಿಲ್ಲ. ಮೊಮ್ಮಗನ ಸೈಕಲ್ಲಿಗೆ ಅದೇ ಸರಿಯಾದ ದಿನ.

ಮೊಂಮಾರ್ತ್ರ್ ಗುಡ್ಡಕ್ಕೆ ಸೈಕಲ್ ಬೇಡ. ಚಾಮುಂಡಿ ಬೆಟ್ಟದ ಮುಂದೆ ಅದು ದಿಣ್ಣೆ, ನಿಜ, ಎತ್ತರ ಸಮುದ್ರಮಟ್ಟದಿಂದ ಸುಮಾರು 130 ಮೀಟರ್. ಆದರೆ ಕಡಿದಾದ ಕಲ್ಲುಹಾಸಿನ ಇಳಿಜಾರಿನಲ್ಲಿ ಅಪರಿಚಿತ ಬ್ರೇಕನ್ನು ನಂಬುವುದು ಸರಿಯಲ್ಲ. ಕೆಳಗೆ ಬಿಟ್ಟು ಹತ್ತಿ. ಜುಲೈ 14ರ ರಾಷ್ಟ್ರೀಯ ದಿನದಂದು ಶಾಂಜೆಲಿಜೆ ಎಂಬ ದೊಡ್ಡ ರಾಜಬೀದಿಯ ಸುತ್ತ ರಸ್ತೆ ಮುಚ್ಚಿರುತ್ತಾರೆ, ತಿಂಗಳ ಕೊನೆಯಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯ ಊರಿಗೆ ಬಂದು ಮುಗಿಯುವ ಭಾನುವಾರವೂ ಹಾಗೆಯೇ. ನದಿದಂಡೆಯಲ್ಲಿ ಬೇಸಿಗೆ ಉತ್ಸವ ನಡೆಯುವ ವಾರಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರ ಜನಜಾತ್ರೆ, ಸೈಕಲ್ ತಳ್ಳಿಕೊಂಡು ನಡೆಯಬೇಕಾಗುತ್ತದೆ.

ನಿಮ್ಮ ಶ್ರೀಮತಿಯವರ ವಿಷಯವನ್ನು ಕೊನೆಗೆ ಇಟ್ಟುಕೊಂಡೆ, ಏಕೆಂದರೆ ಅದರ ಕೆಲಸ ಆಗಬೇಕಾದ್ದು ಮೈಸೂರಿನಲ್ಲಿ. ಸೈಕಲ್ ತುಳಿಯುವುದು ಮರೆಯುವ ವಿದ್ಯೆಯಲ್ಲ, ಮೂವತ್ತು ವರ್ಷದಲ್ಲಿ ಮರೆತುಹೋಗುವುದು ಕುತ್ತಿಗೆ ಮತ್ತು ಕೈ. ಎಡಭುಜದ ಮೇಲಿಂದ ಹಿಂದೆ ತಿರುಗಿ ನೋಡುವಾಗ ಸೈಕಲ್ ಓಲಾಡಬಾರದು. ಎಡಗೈ ಚಾಚಿ ತಿರುವಿನ ಸೂಚನೆ ಕೊಡುವಾಗ ಬಲಗೈಯೊಂದರಲ್ಲೇ ಹ್ಯಾಂಡಲ್ ನೆಟ್ಟಗಿರಬೇಕು. ಇನ್ನೂ ಹೊರಡಲು ಸಮಯವಿದೆಯಲ್ಲ, ಮಾನಸಗಂಗೋತ್ರಿಯ ಮರಗಳ ಕೆಳಗಿನ ರಸ್ತೆಯಲ್ಲಿ ಬೆಳಿಗ್ಗೆ ಆರಕ್ಕೆ ದಿನಾ ಇಪ್ಪತ್ತು ನಿಮಿಷ ಇವೆರಡನ್ನೇ ಮಾಡಿಸಿ. ನೀವು ಹಿಂದೆ ನಿಂತು ಬೆರಳು ತೋರಿಸಿ, ಅವರು ತಿರುಗಿ ನೋಡಿ ಎಷ್ಟು ಬೆರಳು ಎಂದು ಹೇಳಲಿ. ಮೂರು ವಾರ ಹೀಗೆ ಮಾಡಿದರೆ ಸಾಕು. ಸೀರೆಯ ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕದ ಉಡುಪಿನಲ್ಲೇ ಅಭ್ಯಾಸ ಆಗಲಿ. ಇಲ್ಲಿಗೆ ಬಂದ ಮೊದಲ ಎರಡು ದಿನ ಸೈಕಲ್ ಮುಟ್ಟದೆ ಅದೇ ನದಿದಂಡೆಯಲ್ಲಿ ನಡೆಯಿರಿ. ಮೂರನೆಯ ಬೆಳಿಗ್ಗೆ ಇಬ್ಬರೂ ಹಸಿರು ಸೈಕಲ್ ತೆಗೆದುಕೊಂಡು, ಬ್ರೇಕು ನೋಡಿ, ‘ಬಲ’ ಎಂದು ಹೇಳಿಕೊಂಡು, ಪಾಂ ನೆಫ್‌ವರೆಗೆ ಮಾತ್ರ ಹೋಗಿ ಬನ್ನಿ.